ತಂಬಿರಾನ್ ಮೈ ತುರಿಸಿದ ಕಂಬ

ಮಳೆ ಧೋ ಎಂದು ಸುರಿಯುತ್ತಿತ್ತು, ಊರಿನ ಕಡೆಯಿಂದ ಆಕಾಶಬಾಣದ ಸದ್ದು ಮಾತ್ರ ಬರಲೊಲ್ಲದು. ಸರಸು ಪಂಪುಶೆಡ್ಡಿನ ಬಾಗಿಲಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಹಾಳು ಮನಸ್ಸು ಒಂದು ಕಡೆ ನಿಂತರೆ ತಾನೆ?

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯಲ್ಲಿ ಅವಳಿಗೂ ಗಂಡನಿಗೂ ಎರಡು ದ್ರಾಕ್ಷಿ ತೋಟ. ಮೇಲಿನದು, ಈ ಪಂಪುಶೆಡ್ಡು ಇರುವುದು, ಬೆಟ್ಟದ ಬುಡದಲ್ಲಿ; ಕೆಳಗಿನದು ಹಳ್ಳದ ಆಚೆ ದಡದಲ್ಲಿ. ಮೇಲೆ ಮುಗಿಲು ಹರಿದು ಬಿದ್ದರೂ ಕೆಳಗೆ ಬಿಸಿಲು ಕಾಯುತ್ತಿರುತ್ತದೆ. ಹೋದ ವರ್ಷ, ತೊಂಬತ್ತೇಳರ ಮಳೆಗಾಲದ ಐಪ್ಪಸಿ ತಿಂಗಳಲ್ಲಿ, ಆ ಬಿಸಿಲು ನಂಬಿ ಹಳ್ಳಕ್ಕಿಳಿದ ಕೊಯ್ಲಿನ ಹೆಂಗಸು ಕಣ್ಣಮ್ಮಾಳ್ ಕೊಚ್ಚಿಹೋಗಿದ್ದಳು. ಆಮೇಲೆ ಮದ್ರಾಸಿನ ಹವಾಮಾನ ಕಚೇರಿಯವರು ಬಂದು ಮೇಲಿನ ತೋಟದಲ್ಲಿ ಎದೆಯೆತ್ತರದ ಕಂಬ ನೆಟ್ಟು, ತುದಿಗೆ ಮಳೆ ಅಳೆಯುವ ಆಲಿಕೆ ಕೂರಿಸಿದರು. ಮಳೆ ಮಿತಿಮೀರಿದರೆ ಕಂಬ ಆ ಗಳಿಗೆಯಲ್ಲೇ ಉಪಗ್ರಹಕ್ಕೆ ಹೇಳುತ್ತದೆ, ಉಪಗ್ರಹ ಕಚೇರಿಗೆ, ಕಚೇರಿಯವರು ಊರಿನ ಫೋನ್ ಬೂತಿಗೆ. ಬೂತಿನ ಚಿನ್ನತಂಬಿ ಆಕಾಶಬಾಣ ಹಾರಿಸುತ್ತಾನೆ. ಬಾಣ ಎದ್ದರೆ ಯಾರೂ ಹಳ್ಳಕ್ಕೆ ಇಳಿಯಬಾರದು.

"ಬಾಣ ಏಳ್ಲಿಲ್ಲಾಂದ್ರೆ ಬಯ ಇಲ್ಲ ಅಂತ ಅರ್ತ. ಮದ್ಯಾನ ಹಣ್ಣು ಹೊತ್ಕೊಂಡು ಬಂದ್ಬುಡ್ತೀವಿ," ಎಂದು ಬೆಳಿಗ್ಗೆ ಹೇಳಿ ಕೆಳಗಿನ ತೋಟಕ್ಕೆ ಹೋಗಿದ್ದ ಗಂಡ ಪೊನ್ನುಸಾಮಿ. ಕೊಯ್ಲಿನ ಹೆಂಗಸರೂ ಅವನ ಜೊತೆಗಿದ್ದರು. ಈಗ ಮಧ್ಯಾಹ್ನವಾಗುತ್ತ ಬಂದಿತ್ತು. ಓಡಿ ಹೋಗಿ ಹೇಳೋಣವೆಂದರೆ ನೀರು ಅವಳಿಗಿಂತ ಮುಂಚೆ ಅಲ್ಲಿರುತ್ತದೆ.

ಆ ಕಂಬಕ್ಕೇನು ಬಡಿದಿದೆ ಎಂದು ಸರಸು ಮಳೆಯಲ್ಲೇ ಹೊರಟಳು. ನೋಡಿದರೆ ತಂಬಿರಾನ್. ಅದು ಅವಳ ಕುಲದವರು ದೇವರಿಗೆ ಬಿಟ್ಟ ಹೋರಿ. ಯಾರ ತೋಟಕ್ಕೆ ನುಗ್ಗಿದರೂ ಕೈಮುಗಿಯುತ್ತಾರೆಯೇ ಹೊರತು ಒಂದು ಹುಲ್ಲುಕಡ್ಡಿ ಎತ್ತುವುದಿಲ್ಲ. ಕಚೇರಿಯವರು ಕಂಬದ ಸುತ್ತ ಹಾಕಿದ್ದ ಬೇಲಿಯನ್ನೂ ಅದಕ್ಕೆ ಮುಳ್ಳು ತಾಗೀತೆಂದು ಸರಸುವೇ ಕಿತ್ತು ಹಾಕಿದ್ದಳು. ಮಹಾರಾಜ ಈಗ ಕಂಬಕ್ಕೆ ಒರಗಿ ಆರಾಮಾಗಿ ಕುತ್ತಿಗೆ ತುರಿಸಿಕೊಳ್ಳುತ್ತಿತ್ತು. ಕಂಬ ವಾಲಿ ಆಲಿಕೆಯ ಬಾಯಿ ಪಕ್ಕಕ್ಕೆ ತಿರುಗಿತ್ತು. ಒಳಗೆ ಹನಿ ಬಿದ್ದಿದ್ದರೆ ಕೇಳಿ.

"ಸಾಮಿ, ಒಸಿ ಆಚೆಗೋಗಪ್ಪಾ. ಅವರೆಲ್ಲಾ ಹಳ್ಳಕ್ಕೆ ಇಳೀತಾರೆ." ಕೈಮುಗಿದಳು, ಕಾಲು ಹಿಡಿದಳು. ತಂಬಿರಾನ್ ಕಿವಿ ಕೂಡ ಆಡಿಸಲಿಲ್ಲ.

ಸರಸು ಗುದ್ದಲಿಯ ಕಾವಿನಿಂದ ಅದರ ಬೆನ್ನಿಗೆ ಬಾರಿಸಿದಳು. ಹೊಡೆದದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಹೋರಿ ಬೆಚ್ಚಿ ದೂರ ಓಡಿತು. ಹೆಗಲು ಕೊಟ್ಟು ಕಂಬವನ್ನು ನೆಟ್ಟಗೆ ಮಾಡಿದಳು. ಇನ್ನು ಹನಿಹನಿ ತುಂಬುವವರೆಗೆ ಕಾಯುವುದು ಯಾರು? ಪಕ್ಕದ ಬಯಲಲ್ಲಿದ್ದ ಬಕೆಟ್ಟು ಮಳೆನೀರಿಂದ ತುಂಬಿತ್ತು. ಕಂಬದಿಂದ ಹೆಗಲು ತೆಗೆಯದೆ ಅದನ್ನು ಕಾಲಿನಿಂದ ಎಳೆದುಕೊಂಡು, ಅದರಲ್ಲೇ ಇದ್ದ ಚೊಂಬಿನಲ್ಲಿ ಮೊಗೆದು ಮೊಗೆದು ಆಲಿಕೆಗೆ ಸುರಿದಳು. ಹೋರಿ ತಪ್ಪಿಸಿದ ಮಳೆ ತಾನೆ, ಸುಳ್ಳೇನಲ್ಲ.

ಬಕೆಟ್ಟು ಬರಿದಾಯಿತು. ಏನೂ ಇಲ್ಲ. ಉಪಗ್ರಹಕ್ಕೆ ಕಿವಿ ಇದೆಯೋ ಇಲ್ಲವೋ ಎಂದು ಬಾಯಿಗೆ ಬಂದಂತೆ ಬೈದಳು. ಆಗ ಊರಿನ ಮೇಲೆ ಬಾಣವೊಂದು ಸುಯ್ ಎಂದು ಎದ್ದು ಸಿಡಿಯಿತು.

ಸಂಜೆ ನೀರು ಇಳಿದ ಮೇಲೆ ಪೊನ್ನುಸಾಮಿ ಹಳ್ಳ ದಾಟಿ ಬಂದ. ಹೆಂಗಸರೆಲ್ಲ ಬಂದರು.

"ಮದ್ರಾಸ್‌ನವರು ಚಿನ್ನತಂಬಿನ ಕೇಳ್ತಾವ್ರಂತೆ, ಅಷ್ಟೊಂದು ಮಳೆ ಒಂದೇ ಗಳಿಗೇಲಿ ಹೆಂಗೆ ಬಂತು ಅಂತ," ಎಂದು ನಕ್ಕ.

ಸರಸು ನಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು.

"ತಂಬಿರಾನ್‌ನ ಹೊಡ್ದೆಯಾ?"

"ಹೊಡ್ದೆ."

ಅವನು ಹೊತ್ತಿದ್ದ ಹಣ್ಣಿನ ಬುಟ್ಟಿ ಕೆಳಗಿಳಿಸಿದ. "ಎಲ್ರಿಗಿಂತ ಮುಂದೆ ನಾನಿದ್ದೆ, ಸರಸು. ಒಂದು ಕಾಲು ಹಳ್ಳಕ್ಕೆ ಇಕ್ಕಿದ್ದೆ. ಆಗ ಬಾಣ ಎದ್ದಿದ್ದು."

ಬೆಳಗಾಗುತ್ತಲೇ ಇಬ್ಬರೂ ಸೇರಿ ಮತ್ತೆ ಬೇಲಿ ಕಟ್ಟಿದರು, ಅದರ ಹೊರಗೆ ಒಂದು ಕಲ್ಲುಕಂಬ ನೆಟ್ಟರು. ಬಿಸಿಲೇರಿದಾಗ ತಂಬಿರಾನ್ ಬಂತು. ಸರಸು ಕೈ ಚಾಚಿದಳು. ಹೋರಿ ಅವಳ ಅಂಗೈ ಮೂಸಿತು, ಒಮ್ಮೆ ನೆಕ್ಕಿತು, ಕಲ್ಲಿನ ಹತ್ತಿರ ಹೋಗಿ ಕುತ್ತಿಗೆ ತುರಿಸಿಕೊಳ್ಳತೊಡಗಿತು. ನಿನ್ನೆಯಿಂದ ತಡೆದಿದ್ದ ಅಳು ಅವಳಿಗೆ ಆಗ ಬಂತು.