ನನಗೆ ಜ್ವರವಿರಲಿಲ್ಲ

ನಾನು ಒಂದು ವೈಫೈ ರೂಟರ್. ರೋಗಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಗದಗಿನ ಒಂದು ಮನೆಯಲ್ಲಿ ಯಾರೂ ನಂಬಲಿಲ್ಲ.

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಾಗ ತಲೆಯ ಮೇಲೆ ಎರಡು ಕೊಂಬು, ಎದುರಿಗೆ ನನ್ನ ಹಾಗೆಯೇ ಇನ್ನೂ ಸಾವಿರ ಮಂದಿ. ಅಯ್ಯೋ ದೇವರೇ, ನಾನೊಬ್ಬನೇ ಅಂದುಕೊಂಡಿದ್ದೆನಲ್ಲ! ಅದು ನನ್ನ ಮೊದಲ ಆಘಾತ. ಆಮೇಲೆ ಎರಡು ವರ್ಷ ಒಂದು ಜೆರಾಕ್ಸ್ ಅಂಗಡಿಯಲ್ಲಿ ಧೂಳು ಕುಡಿದೆ. ಆ ಅಂಗಡಿ ಮುಚ್ಚಿದಾಗ ಕೇಬಲ್ ಮೌಲಾಲಿ ನನ್ನನ್ನು ಕಿತ್ತು, ಒರೆಸಿ, ಬಾಳವ್ವಜ್ಜಿಯ ಮನೆಯ ಪಡಸಾಲೆಯ ಗೂಡಿನಲ್ಲಿ ಕೂರಿಸಿದ. ಕೆಳಗೆ ಅಜ್ಜಿಯ ಮಂಚ. ಎದುರಿನ ಕೋಣೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಸೃಷ್ಟಿ, ಅವಳ ಕಂಪ್ಯೂಟರು.

ಸೃಷ್ಟಿ ಆನ್‌ಲೈನ್ ಗೇಮ್ ಆಡುವ ಹುಡುಗಿ. ಕಾಲಕ್ಷೇಪಕ್ಕಲ್ಲ, ಐದು ಊರಿನ ಐವರು ಹುಡುಗಿಯರ ತಂಡದಲ್ಲಿ ಒಬ್ಬಳು. ರಾಜ್ಯಮಟ್ಟದ ಪಂದ್ಯಕ್ಕೆ ಒಂದೇ ಸುತ್ತು ಬಾಕಿ. ದಿನಾ ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ ಕೂತರೆ ಭೂಕಂಪವಾದರೂ ಏಳುತ್ತಿರಲಿಲ್ಲ. ನಾನೂ ಜೀವ ತೇಯ್ದು ದುಡಿಯುತ್ತಿದ್ದೆ.

ಒಂದು ಸಂಜೆ ಆಟ ಮುಗಿಸಿ ಬಂದವಳು ನನ್ನ ಬೆನ್ನು ಮುಟ್ಟಿ, "ಅಬಾಬಾ, ಎಷ್ಟು ಸುಡಾಕತ್ತೈತಿ ಇದು!" ಅಂದಳು. ದುಡಿದ ಮೈ, ಬಿಸಿಯಾಗದೆ ಇರುತ್ತದೆಯೇ? ಅವಳು ಅದನ್ನು ಮರೆತಳು. ಅಜ್ಜಿ ಮರೆಯಲಿಲ್ಲ.

ಮರುದಿನ ಸಂಜೆ ಕೋಣೆಯ ಬಾಗಿಲು ಮುಚ್ಚಿದ್ದೇ ತಡ, ಅಜ್ಜಿ ತಣ್ಣೀರು ತುಂಬಿದ ತಾಮ್ರದ ಚೊಂಬು ತಂದು ನನ್ನ ಮುಂದಿಟ್ಟಳು. "ತಂಪಾಗಪಾ, ನನ್ನಪ್ಪ" ಅಂದಳು. ನಾನು ದಂಗಾದೆ! ನಾನು ಕಳಿಸುವ ಅಲೆ ಗೋಡೆಯನ್ನಾದರೂ ಹೇಗೋ ದಾಟುತ್ತದೆ. ತಾಮ್ರ, ಅದರೊಳಗೆ ನೀರು ಅಂದರೆ ಅಲ್ಲಿಗೇ ಮುಗ್ಗರಿಸುತ್ತದೆ. "ಥೋ, ಲ್ಯಾಗ್!" ಎಂದು ಒಳಗಿಂದ ಸೃಷ್ಟಿ ಕೂಗಿದಳು. ಅವಳ ಆಟದ ಮನುಷ್ಯ ಓಡುತ್ತಿದ್ದವನು ಗಕ್ಕನೆ ನಿಲ್ಲುತ್ತಿದ್ದ, ಆಮೇಲೆ ಒಮ್ಮೆಲೇ ನಾಲ್ಕು ಹೆಜ್ಜೆ ಜಿಗಿಯುತ್ತಿದ್ದ. ಆಟ ಮುಗಿಯುವ ಹೊತ್ತಿಗೆ ಅಜ್ಜಿ ಆ ನೀರನ್ನು ಹಿತ್ತಲ ದಾಸವಾಳಕ್ಕೆ ಹಾಕಿ ಚೊಂಬು ಒಳಗಿಟ್ಟಿದ್ದಳು. ಸಾಕ್ಷಿಯೇ ಇಲ್ಲ!

ಮೊಮ್ಮಗಳು ಗೋಳಾಡಿದಷ್ಟೂ ಅಜ್ಜಿಯ ಲೆಕ್ಕದಲ್ಲಿ ನನ್ನ ಜ್ವರ ಏರುತ್ತಿತ್ತು. ಎರಡನೇ ದಿನ ಎರಡು ಚೊಂಬು. ನಾಲ್ಕನೇ ದಿನ ಬೆನ್ನ ಮೇಲೆ ಒದ್ದೆ ಬಟ್ಟೆ. ಕರೆಂಟಿನ ಮೈಗೆ ಒದ್ದೆ ಬಟ್ಟೆ! ನನ್ನ ಜೀವ ಬಾಯಿಗೆ ಬಂತು.

ಸೃಷ್ಟಿ ಮಾಡದ ಉಪಾಯವಿಲ್ಲ. ನನ್ನನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿದಳು. ವೈರು ಬದಲಿಸಿದಳು. ಅಪ್ಪನ ಫೋನು, ಟಿವಿ ಎಲ್ಲವನ್ನೂ ನನ್ನಿಂದ ಬಿಡಿಸಿದಳು. ಕೊನೆಗೆ ಒಂದು ಬೆಳಿಗ್ಗೆ ಮೌಲಾಲಿ ಬಂದು, ಸುದ್ದಿ ಹೋಗಿ ಬರಲು ಹಿಡಿಯುವ ಹೊತ್ತನ್ನು ಫೋನಿನಲ್ಲಿ ಅಳೆದ.

"ಪಿಂಗ್ ಹದಿನೆಂಟ ಐತಿ ನೋಡವಾ, ಅಳ್ಳಾಡವಲ್ದು."

"ಸಂಜೀಕ ಮುನ್ನೂರಕ್ಕ ಜಿಗಿತೈತಿ ಕಾಕಾ! ಮತ್ತ ಮೂವತ್ತಕ್ಕ ಇಳಿತೈತಿ!"

"ಹಂಗಾರ ಈ ಪೆಟ್ಟಿಗಿ ಸಾಯಾಕ ಬಂದೈತಿ. ಸೋಮವಾರ ಬಂದು ಬ್ಯಾರೇದು ಹಾಕ್ತೀನಿ."

ನಾನೇ? ಸಾಯಲಿಕ್ಕೆ? ನನ್ನ ದೀಪಗಳೆಲ್ಲ ಪಿಳಿಪಿಳಿ ಎಂದವು. ಮಂಚದ ಮೇಲೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಂದ್ಯ ಇದ್ದದ್ದು ಭಾನುವಾರ.

ಶನಿವಾರ ತಂಡದ ನಾಯಕಿ, ಮಂಡ್ಯದ ಇಂಪನಾ, ಫೋನ್ ಮಾಡಿದಳು. "ಬೇಜಾರ್ ಮಾಡ್ಕಬ್ಯಾಡ ಕಣೇ. ನಾಳೀಕೂ ನೀನು ಹಿಂಗೇ ನಿಂತ್ಕಂಡ್ರೆ, ನಿನ್ ಜಾಗಕ್ಕೆ ಬೇರೆಯವರನ್ನ ತಗಬೇಕಾಯ್ತದೆ." ಸೃಷ್ಟಿ ಫೋನ್ ಇಟ್ಟು ಅಜ್ಜಿಯ ಪಕ್ಕ ಮುದುಡಿ ಕೂತಳು. ಅಜ್ಜಿ ಅವಳ ತಲೆ ಸವರುತ್ತ ನನ್ನನ್ನೇ ನೋಡುತ್ತಿದ್ದಳು. ನನಗೆ ಆಗಲೇ ಹೆದರಿಕೆಯಾಯಿತು.

ಭಾನುವಾರ ಸಂಜೆ ನಾಲ್ಕು ಚೊಂಬು, ಎರಡು ಬಿಂದಿಗೆ, ಸಾಲದ್ದಕ್ಕೆ ಒದ್ದೆ ಪಂಚೆ! "ಇವತ್ತೊಂದಿನ ತಡ್ಕೋಪಾ. ಕೂಸಿನ ಮ್ಯಾಚ್ ಐತಿ." ಅಯ್ಯಯ್ಯೋ ಮುದುಕೀ, ನಿಲ್ಲಿಸೇ! ಆದರೆ ಬಾಯಿಯಿಲ್ಲದ ಜನ್ಮ ನನ್ನದು. ಮೂರು ಆಟಗಳಲ್ಲಿ ಮೊದಲನೆಯದು ಸೋತೇ ಹೋಯಿತು.

ನನ್ನನ್ನು ಆರಿಸಿ ಹಚ್ಚಲೆಂದು ಸೃಷ್ಟಿ ಓಡಿ ಬಂದಳು. ಬಂದವಳು ನಿಂತಲ್ಲೇ ನಿಂತಳು. ಬಿಂದಿಗೆಗಳ ಹಿಂದೆ ನನ್ನ ಕೊಂಬುಗಳು ಮಾತ್ರ ಕಾಣುತ್ತಿದ್ದವು.

"ಅಜ್ಜೀ... ಏನ್ ಮಾಡಾಕತ್ತೀ?"

"ಜ್ವರ ಇಳಿಸಾಕತ್ತೀನವಾ. ಸಣ್ಣಾಕಿದ್ದಾಗ ನಿನಗ ಹಿಂಗ ಮಾಡ್ತಿದ್ದಿಲ್ಲನು? ದಿನಾ ನೀ ಬಾಗ್ಲಾ ಹಾಕ್ಕೊಂಡ ಕೂಡ್ಲೆ ಶುರು ಮಾಡ್ತೀನಿ."

ದಿನಾ! ಹುಡುಗಿಯ ಮುಖ ಬಿಳಿಚಿಕೊಂಡಿತು. ಈಗ ಕಿರುಚುತ್ತಾಳೆ, ಬಿಂದಿಗೆ ಎತ್ತಿ ಎಸೆಯುತ್ತಾಳೆ ಎಂದು ನಾನು ನಡುಗಿದೆ. ಅವಳು ಅಜ್ಜಿಯ ಬೆರಳುಗಳನ್ನು ನೋಡಿದಳು. ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು. ಆಮೇಲೆ ನನ್ನ ಬೆನ್ನು ಮುಟ್ಟಿದಳು.

"ಜ್ವರ ಪೂರಾ ಇಳದೈತಿ ಅಜ್ಜೀ. ಇನ್ನ ನೀರ ಬ್ಯಾಡ."

ಎಲ್ಲವನ್ನೂ ಎತ್ತಿ ನೆಲದ ಮೇಲಿಟ್ಟು ಕೋಣೆಗೆ ಓಡಿದಳು.

ಶುದ್ಧ ಸುಳ್ಳು! ಬಾರದ ಜ್ವರ ಇಳಿಯುವುದೆಲ್ಲಿಂದ? ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಆ ಕೋಣೆಗೆ ಕಳಿಸಿದೆ. ಉಳಿದ ಎರಡೂ ಆಟ ಗೆದ್ದರು. ತನ್ನ ಕೈಗುಣವೆಂದು ಅಜ್ಜಿ ಇಡೀ ಓಣಿಗೆ ಹೇಳಿಕೊಂಡು ಬಂದಳು. ಸೃಷ್ಟಿ ಇವತ್ತಿಗೂ ಹೌದೆನ್ನುತ್ತಾಳೆ.

ಸೋಮವಾರ ಬಂದ ಮೌಲಾಲಿಯನ್ನು ಸೃಷ್ಟಿ ಹಾಗೇ ಕಳಿಸಿದಳು. ಅದಾಗಿ ಮೂರು ವರ್ಷ. ಈಗ ಅವಳ ಕೋಣೆಯೊಳಗೆ ಹೊಸ ರೂಟರ್ ಇದೆ. ಅಜ್ಜಿ ಬಿಸಾಡಲು ಬಿಡಲಿಲ್ಲವೆಂದು ನನ್ನನ್ನು ವೈರು ಕಿತ್ತು ಗೂಡಿನಲ್ಲೇ ಬಿಟ್ಟಿದ್ದಾರೆ. ದೀಪವಿಲ್ಲ, ಕೆಲಸವಿಲ್ಲ. ಮುದಿತನವೆಂದರೆ ಇಷ್ಟೇ ಎಂದುಕೊಂಡಿದ್ದೆ. ಮೊನ್ನೆ ಅಜ್ಜಿ ನನ್ನ ಬೆನ್ನ ಮೇಲೆ ಕೈಯಿಟ್ಟು ಬೆಚ್ಚಿಬಿದ್ದಳು.

"ಏ ಸೃಷ್ಟೀ, ಇದರ ಮೈ ತಣ್ಣಗಾಗೇತ್ಯಲ್ಲೇ!"

ಸೃಷ್ಟಿ ಬಂದು ಮುಟ್ಟಿ ನೋಡಿದಳು. ಈ ಸಲವೂ ನಿಜ ಹೇಳಲಿಲ್ಲ. ಒಳಗಿಂದ ಹಳೆಯ ಕೌದಿಯ ತುಂಡೊಂದನ್ನು ತಂದಳು, ಇಬ್ಬರೂ ಸೇರಿ ನನಗೆ ಹೊದಿಸಿದರು. ನಾನು ತಕರಾರು ಮಾಡಲಿಲ್ಲ.