ದೊಡ್ಡಕ್ಕನ ಕೊನೆಯ ಕೋಟು

"ನಿಮ್ಮ ಕೊನೇ ಕೋಟಿನ ತನಕ ಈ ಪೀಠದ ಮೇಲೆ ನಿಲ್ಲೋಳು ನಾನೇ. ಬೇರೆ ಯಾರನ್ನೂ ಹತ್ತಿಸ್ಬೇಡಿ" ಎಂದು ಗೊಂಬೆ ದೊಡ್ಡಕ್ಕನಿಗೆ ಮಾತು ಕೊಟ್ಟಾಗ ಅವಳ ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದವು. ದೊಡ್ಡಕ್ಕನ ಬಾಯಿ ತುಂಬ ಗುಂಡುಸೂಜಿ. "ಹ್ಞೂ" ಎಂದಷ್ಟೇ ಅಂದಳು. ಆದರೆ ದೊಡ್ಡಕ್ಕನ ಒಂದು "ಹ್ಞೂ" ಅಂದರೆ ಬೇರೆಯವರು ಆಣೆ ಇಟ್ಟು ಹೇಳಿದ್ದಕ್ಕಿಂತ ಗಟ್ಟಿ.

ಅದು ದೊಡ್ಡಕ್ಕ ನಡೆಸುತ್ತಿದ್ದ, ಹೆಂಗಸರ ಕೋಟು ಹೊಲಿಯುವ ಅಂಗಡಿ. ಹೊಸ ನಮೂನೆ ಕತ್ತರಿಸಿದಾಗಲೆಲ್ಲ ಮೊದಲ ಕೋಟನ್ನು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು, ಜೀವ ಇರುವ ಒಂದು ಮೈಗೆ ತೊಡಿಸಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಜೋಲುತ್ತದೆ ಎಂದು ನೋಡಿ ತಿದ್ದಬೇಕು. ಆ ಮೈ ಗೊಂಬೆಯದು. ಇವಳ ಅಳತೆಯಿಂದಲೇ ಉಳಿದ ಸೈಜುಗಳೆಲ್ಲ ಹುಟ್ಟುತ್ತಿದ್ದವು. ಮೊಣಕಾಲೆತ್ತರದ ಮರದ ಪೀಠದ ಮೇಲೆ ಅಲುಗಾಡದೆ ನಿಲ್ಲುತ್ತಿದ್ದಳೆಂದು ಅಂಗಡಿಯವರೆಲ್ಲ ಅವಳನ್ನು ಗೊಂಬೆ ಎಂದರು. ಹೆಸರು ಹಾಗೇ ಅಂಟಿತು. ಗಂಡನೂ ಹಾಗೇ ಕರೆಯುತ್ತಿದ್ದ, ಸಿಟ್ಟು ಬಂದಾಗ ಮಾತ್ರ ಬೇರೆ.

ನಿಲ್ಲುವುದನ್ನು ಕಲಿಸಿದ್ದೂ ದೊಡ್ಡಕ್ಕನೇ. "ಹಿಮ್ಮಡಿ ಜೋಡ್ಸು. ಭುಜ ಇಳ್ಸು. ಹೊಟ್ಟೆ ಒಳಗೆ, ಉಸಿರು ಮೇಲೆ. ನೀನು ಹೊಟ್ಟೆಯಿಂದ ಉಸಿರಾಡಿದ್ರೆ ನನ್ನ ಹೊಲಿಗೇನೂ ಉಸಿರಾಡತ್ತೆ." ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಎದೆಯ ತುದಿಯಲ್ಲಿ ಸಣ್ಣಗೆ ಉಸಿರಾಡುತ್ತ ಗೊಂಬೆ ಗಂಟೆಗಟ್ಟಲೆ ನಿಂತಳು. ಅಭ್ಯಾಸ ಎಷ್ಟರಮಟ್ಟಿಗೆ ಮೈಗಿಳಿಯಿತೆಂದರೆ, ಯಾರಾದರೂ ಸುಮ್ಮನೆ ದಿಟ್ಟಿಸಿ ನೋಡಿದರೂ ಹೊಟ್ಟೆ ತಾನಾಗಿಯೇ ಒಳಗೆ ಹೋಗುತ್ತಿತ್ತು. ಮದುವೆಯ ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದಾರೆ, ಇವಳೊಬ್ಬಳು ಕೋಟು ತೊಡಿಸಲೆಂದು ಕಾಯುತ್ತಿದ್ದಾಳೆ.

ಆ ದಿನಗಳು ನೆನಪಾದರೆ ಗೊಂಬೆಗೆ ಮೊದಲು ಬರುವುದು ವಾಸನೆ. ಒದ್ದೆ ಉಣ್ಣೆಯ ಮೇಲೆ ಬಿಸಿ ಇಸ್ತ್ರಿ ಇಳಿದಾಗಿನ ವಾಸನೆ. ಆಮೇಲೆ ಎತ್ತರದ ಕಿಟಕಿಯಿಂದ ಬೀಳುವ ಬೆಳಕು, ಅದರಲ್ಲಿ ತೇಲುವ ಸೀಮೆಸುಣ್ಣದ ಪುಡಿ. ಪೀಠದ ಮೇಲಿಂದ ಅಂಗಡಿಯ ಎಲ್ಲರ ನೆತ್ತಿ ಕಾಣುತ್ತಿತ್ತು. ಇಸ್ತ್ರಿಯವನ ತಲೆ ಬೋಳಾಗತೊಡಗಿದ್ದು ಅವನ ಹೆಂಡತಿಗಿಂತ ಮೊದಲು ಇವಳಿಗೆ ಗೊತ್ತಾಗಿತ್ತು. ಯಾರು ಯಾರ ಮೇಲೆ ಮುನಿಸು, ಯಾರ ಅತ್ತೆ ಬಂದು ತಿಂಗಳಾದರೂ ಹೊರಟಿಲ್ಲ, ಎಲ್ಲವನ್ನೂ ಇವಳ ಮುಂದೆಯೇ ಆಡುತ್ತಿದ್ದರು. ಗೊಂಬೆಗೆ ಕಿವಿ ಇರುತ್ತದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಬಸುರಿಯಾದದ್ದು ಗಂಡನಿಗಿಂತ ಮುಂಚೆ ಅಳತೆ ಟೇಪಿಗೆ ಗೊತ್ತಾಯಿತು. ದೊಡ್ಡಕ್ಕ ಸೊಂಟದ ಸುತ್ತ ಟೇಪು ಹಿಡಿದು, ಬಿಟ್ಟು, ಮತ್ತೆ ಹಿಡಿದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು.

"ಏನೇ, ಊಟ ಜಾಸ್ತಿ ಆಯ್ತಾ, ಇಲ್ಲ ಇನ್ನೇನಾದ್ರೂನಾ?"

"ಊಟ ಎಲ್ಲಿ ದೊಡ್ಡಕ್ಕ, ಬೆಳಿಗ್ಗೆ ತಿಂದದ್ದೆಲ್ಲ ವಾಪಸ್ ಬರ್ತಿದೆ."

"ಹಾಗಿದ್ರೆ ಇಳಿ ಕೆಳಗೆ. ಮೊದ್ಲು ಕೂತ್ಕೋ" ಎಂದು ಅವಳ ಕೈ ಹಿಡಿದು ಇಳಿಸಿದಳು. ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಆಗಲೇ ಗೊಂಬೆ ಆ ಮಾತು ಕೊಟ್ಟದ್ದು.

ಹುಟ್ಟಿದ್ದು ಹೆಣ್ಣು ಮಕ್ಕಳು, ಎರಡೂ ದಷ್ಟಪುಷ್ಟ. ಹೊಟ್ಟೆ ಮಾತ್ರ ಮೊದಲಿದ್ದ ಜಾಗಕ್ಕೆ ವಾಪಸ್ ಬರಲಿಲ್ಲ. ಬರುತ್ತೆ ಬರುತ್ತೆ ಎಂದು ಅಮ್ಮ ಅಂದಳು, ಅತ್ತೆ ಅಂದಳು, ಎದುರುಮನೆಯಾಕೆ ಕೇಳದೆಯೇ ಅಂದಳು. ಗೊಂಬೆ ನಡೆದಳು, ಬಗ್ಗಿದಳು, ಎದ್ದಳು, ತಟ್ಟೆಯಲ್ಲಿ ಅರ್ಧ ಬಿಟ್ಟಳು. ಮುಖ ಇಳಿಯಿತು, ತೋಳು ಇಳಿಯಿತು, ಹೊಟ್ಟೆ ಜಪ್ಪಯ್ಯ ಅನ್ನಲಿಲ್ಲ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೂ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟಾಗ, ಇಲ್ಲ ಎನ್ನಲು ನಾಚಿಕೆಯಾಗಿ ಕೂತೇ ಬಂದಳು.

ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುವ ಮಿಷಿನ್ನು ಅವಳ ಪಾಲಿಗೆ ಬಂತು. ದೊಡ್ಡಕ್ಕ ಬೇರೆ ಹುಡುಗಿಯನ್ನು ಪೀಠ ಹತ್ತಿಸಲಿಲ್ಲ. ಹತ್ತಿ ತುಂಬಿದ, ಒಂದೇ ಕಾಲಿನ ಬಟ್ಟೆಯ ಬೊಂಬೆಯೊಂದನ್ನು ತಂದಳು. ಅದು ಅಂಗಡಿಯೊಳಗೆ ಬಂದ ದಿನ ಇಸ್ತ್ರಿಯವನು, "ಗೊಂಬೇ, ನಿನ್ನ ಸವತಿ ಬಂದ್ಲು ನೋಡು. ಸೊಂಟ ಬಳುಕತ್ತೆ, ಆದ್ರೆ ಕಾಲು ಒಂದೇ" ಅಂದ. ಅಂದಿನಿಂದ ಅದು ಸವತಿಯೇ ಆಯಿತು. ಗೊಂಬೆ ಕಾಜ ಹಾಕುತ್ತ, ತಲೆ ಎತ್ತಿದಾಗಲೆಲ್ಲ ಸವತಿಯ ಬೆನ್ನು ನೋಡುತ್ತ, ಮಕ್ಕಳನ್ನು ಬೆಳೆಸಿದಳು.

ಈಗ ಮಕ್ಕಳು ಅವಳ ಭುಜದೆತ್ತರಕ್ಕೆ ಬಂದಿದ್ದರು. ದೊಡ್ಡಕ್ಕನ ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ಬೇರೆಯವರು ಪೋಣಿಸಿಕೊಡಬೇಕಿತ್ತು. ಬರುವ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುವುದೆಂದು ನಿಶ್ಚಯವಾಯಿತು.

"ಹೋಗೋ ಮುಂಚೆ ಒಂದು ಕೋಟು ಕತ್ತರಿಸ್ತೀನಿ, ನನ್ನ ಖುಷಿಗೆ" ಎಂದಳು ದೊಡ್ಡಕ್ಕ. "ನೀನು ಏನೋ ಹೇಳಿದ್ದೆ, ನೆನಪಿದ್ಯಾ?"

"ಇದೆ ದೊಡ್ಡಕ್ಕ. ನಿಲ್ತೀನಿ" ಎಂದು ಗೊಂಬೆಯ ಬಾಯಿ, ಅವಳನ್ನು ಕೇಳದೆಯೇ, ಹೇಳಿಬಿಟ್ಟಿತು.

ಆ ವಾರವೇ ಅವಳು ಅವಳಿಗಳಲ್ಲಿ ಮೊದಲು ಹುಟ್ಟಿದವಳನ್ನು ಕರೆದುಕೊಂಡು, ಹೊಟ್ಟೆ ತೋರಿಸಲು ಸರ್ಜನ್ ಹತ್ತಿರ ಹೋದಳು. ಹೋಗಬೇಕೆಂದು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿತ್ತು; ಕೈಯಲ್ಲಿ ಕೂಡಿಟ್ಟ ದುಡ್ಡೂ ಇತ್ತು. ಡಾಕ್ಟರು ಮೃದು ಮಾತಿನವರು, ಹೊರಗೆ ಸಾಲು ಉದ್ದ ಇದ್ದುದರಿಂದ ಸ್ವಲ್ಪ ಅವಸರದಲ್ಲಿದ್ದರು.

"ಎರಡು ದಾರಿ ಇದೆ. ಲೈಪೋಸಕ್ಷನ್ ಅಂದ್ರೆ ಸಣ್ಣ ತೂತು ಮಾಡಿ, ಕೊಳವೆ ಹಾಕಿ, ಕೊಬ್ಬು ಹೀರಿ ತೆಗೆಯೋದು. ಬೇಗ ಚೇತರಿಸ್ಕೋತೀರಿ. ಟಮ್ಮಿ ಟಕ್ ದೊಡ್ಡದು. ಕೆಳಹೊಟ್ಟೆಯಲ್ಲಿ ಈ ಸೊಂಟದಿಂದ ಆ ಸೊಂಟಕ್ಕೆ ಕೊಯ್ದು, ಹೆಚ್ಚಾದ ಚರ್ಮ ತೆಗೆದು, ಒಳಗೆ ಅಗಲ ಆಗಿರೋ ಸ್ನಾಯುಗಳನ್ನ ಸೇರಿಸಿ ಹೊಲಿಯೋದು. ಗಾಯದ ಗುರುತು ಉಳಿಯತ್ತೆ."

ಗೊಂಬೆಗೆ ಥಟ್ಟನೆ ಅರ್ಥವಾಯಿತು. ಒಂದು, ಹತ್ತಿ ತುಂಬಿದ ಕೋಟಿನ ಒಳಗಿನ ಹತ್ತಿ ಕೀಳುವುದು. ಇನ್ನೊಂದು, ಕೋಟನ್ನೇ ಬಿಚ್ಚಿ, ಕತ್ತರಿಸಿ, ಬಿಗಿ ಮಾಡಿ ಹೊಲಿಯುವುದು. ಹತ್ತಿ ಕಿತ್ತರೆ ಸಾಕಾಗಲಿ ದೇವರೇ ಎಂದುಕೊಂಡಳು.

"ಎದ್ದು ನಿಲ್ಲಿ, ನೋಡೋಣ."

ಅವಳು ನಿಂತಳು. ಡಾಕ್ಟರು ಪಕ್ಕೆ ಹಿಂಡಿದರು, ಹೊಟ್ಟೆ ಚಿವುಟಿದರು, ತಲೆಯಾಡಿಸಿದರು. "ಎರಡು ಮಕ್ಕಳ ತಾಯಿಗೆ ಪರವಾಗಿಲ್ಲ. ಚರ್ಮ ಬಿಗಿಯಾಗೇ ಇದೆ. ಲೈಪೋ ಸಾಕು ಅನ್ಸತ್ತೆ. ಮುಂದಿನ ವಾರ ಪೂರ್ತಿ ಪರೀಕ್ಷೆ ಮಾಡಿ ಗುರುತು ಹಾಕೋಣ."

ಹೊರಗೆ ಬಂದಾಗ ಗೊಂಬೆಯ ಕಾಲು ನೆಲದ ಮೇಲಿರಲಿಲ್ಲ. ಮಗಳು ಮಾತ್ರ ಉಗುರು ಕಚ್ಚುತ್ತಿದ್ದಳು.

"ಅಮ್ಮಾ, ನೀನು ಅಲ್ಲಿ ಹೊಟ್ಟೆ ಒಳಗೆ ಎಳ್ಕೊಂಡಿದ್ದೆ."

"ಇಲ್ಲ ಕಣೇ."

"ಎಳ್ಕೊಂಡಿದ್ದೆ. ಅಡುಗೆಮನೇಲಿ ನೀನು ಹಾಗೆ ನಿಲ್ಲಲ್ಲ."

"ಅಡುಗೆಮನೇಲಿ ನಿನಗೆ ನನ್ನ ಹೊಟ್ಟೆ ನೋಡೋ ಕೆಲಸಾನಾ? ಒಂದು ದಿನಾನಾದ್ರೂ ಪಾತ್ರೆ ಕಡೆ ನೋಡಿದೀಯಾ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಎಳೆದುಕೊಂಡದ್ದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮುಂದಿನ ವಾರ ಡಾಕ್ಟರು ನೀಲಿ ಪೆನ್ನು ಹಿಡಿದು ಅವಳ ಪಕ್ಕೆಯ ಮೇಲೆ ಗೆರೆ ಎಳೆಯತೊಡಗಿದರು. ಪಕ್ಕದಲ್ಲಿ ಒಬ್ಬ ದಪ್ಪ ನರ್ಸಮ್ಮ, ಬಾಯಿ ಸುಮ್ಮನಿರದವಳು.

"ಏನಮ್ಮಾ, ಮಿಲಿಟರೀಲಿದ್ರಾ? ಒಳ್ಳೆ ಕಂಬ ನಿಂತ ಹಾಗೆ ನಿಂತಿದೀರಿ. ಉಸಿರು ಬಿಡೀಮ್ಮಾ, ಇಲ್ಲಿ ಎಲ್ಲದಕ್ಕೂ ಬಿಲ್ಲು ಹಾಕ್ತಾರೆ, ಉಸಿರಿಗೆ ಇನ್ನೂ ಶುರು ಮಾಡಿಲ್ಲ."

ಡಾಕ್ಟರೇ ಮೊದಲು ನಕ್ಕರು. ಗೊಂಬೆಗೂ ನಗು ತಡೆಯಲಾಗಲಿಲ್ಲ, ಗೊಳ್ಳೆಂದಳು. ಹೊಟ್ಟೆ ಬಿಡುಗಡೆಯಾಗಿ ಮುಂದಕ್ಕೆ ಬಂತು. ನೀಲಿ ಗೆರೆಗಳೆಲ್ಲ ಎಲ್ಲೆಲ್ಲಿಗೋ ಸರಿದವು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಮಲಗಿ. ತಲೆ ಮಾತ್ರ ಸ್ವಲ್ಪ ಎತ್ತಿ."

ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಬ್ಬ ಎದ್ದಿತು. ಅದರ ಮೇಲೆ ಒತ್ತಿದ ಡಾಕ್ಟರ ಬೆರಳುಗಳು ಒಳಗೆ ಇಳಿದವು. ತನ್ನ ಮೈಯಲ್ಲಿ ಹೊಲಿಗೆ ಬಿಟ್ಟುಹೋದ ಜಾಗ ಒಂದಿದೆ ಎಂದು ಗೊಂಬೆಗೆ ಗೊತ್ತಾದದ್ದು ಆಗ.

"ಅವತ್ತೇ ಮಲಗಿಸಿ ನೋಡಬೇಕಿತ್ತು, ತಪ್ಪು ನನ್ನದು. ಸ್ನಾಯು ಎರಡು ಕಡೆಗೂ ಸರಿದಿದೆ. ಬರೀ ಕೊಬ್ಬು ಹೀರಿದ್ರೆ ಇದು ಹೀಗೇ ಇರತ್ತೆ, ಮೇಲಿನ ಚರ್ಮ ಇನ್ನೂ ಜೋಲತ್ತೆ. ನಿಮಗೆ ಸರಿ ಹೋಗೋದು ಟಮ್ಮಿ ಟಕ್. ಬೆನ್ನುನೋವು ಇದ್ಯಾ?"

"ಯಾರಿಗಿಲ್ಲ ಡಾಕ್ಟ್ರೇ?"

"ಅದರಲ್ಲಿ ಇದರ ಪಾಲೂ ಇರಬಹುದು. ಹೋಗೇ ಹೋಗತ್ತೆ ಅಂತ ನಾನು ಹೇಳಲ್ಲ."

"ನೆಟ್ಟಗೆ ನಿಲ್ಲೋಕೆ ಎಷ್ಟು ದಿನ?"

"ಮೊದಮೊದಲು ಬಗ್ಗಿಯೇ ನಡೀಬೇಕು. ಭಾರ ಎತ್ತೋದು, ಬಿಗಿ ಬಟ್ಟೆ ಹಾಕ್ಕೊಂಡು ಗಂಟೆಗಟ್ಟಲೆ ನಿಲ್ಲೋದು, ಇದೆಲ್ಲ ಒಂದೂವರೆ ತಿಂಗಳು ಮರೆತುಬಿಡಿ. ಊತ ಇಳಿಯೋಕೆ ಇನ್ನೂ ಹೆಚ್ಚು."

ಅಷ್ಟರಲ್ಲಿ ಅಂಗಡಿಯೇ ಇರುವುದಿಲ್ಲ. ಗೊಂಬೆ ಎದ್ದು ಕೂತಳು. "ಲೈಪೋನೇ ಮಾಡಿ ಡಾಕ್ಟ್ರೇ. ಉಳಿದದ್ದನ್ನ ನಾನು ಒಳಗೆ ಹಿಡ್ಕೊಂಡು ನಿಲ್ತೀನಿ."

"ಎಷ್ಟು ಹೊತ್ತು ಹಿಡ್ಕೋತೀರಿ?"

"ಒಂದು ಕೋಟಿನಷ್ಟು ಹೊತ್ತು."

"ಆಮೇಲೆ?"

"ಯೋಚನೆ ಮಾಡಿ ಬನ್ನಿ" ಎಂದು ಡಾಕ್ಟರು ಕಳಿಸಿದರು.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿ, "ನನಗೆ ನೀನು ಹೀಗೇ ಚೆನ್ನಾಗಿದೀಯ" ಎಂದ.

"ನೀನು ನೋಡೋದು ಟೀವಿನ. ನಿನಗೇನು ಗೊತ್ತು?"

"ಸರಿ ಬಿಡು. ದೊಡ್ಡಕ್ಕಂಗೆ ಕೊಟ್ಟ ಮಾತು ಉಳಿಸ್ಬೇಕು ಅಂದ್ರೆ ಒಂದು, ಹೊಟ್ಟೆ ಸರಿ ಆಗ್ಬೇಕು ಅಂದ್ರೆ ಇನ್ನೊಂದು. ಎರಡೂ ಬೇಕು ಅಂತ ನನ್ನ ಮೇಲೆ ಯಾಕೆ ಹರಿಹಾಯ್ತೀಯ?" ಎಂದು ರಿಮೋಟು ಹುಡುಕಿದ. ಅವನು ಅಷ್ಟು ಸರಿಯಾಗಿ ಹೇಳಿದ್ದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮರುದಿನ ಅಂಗಡಿಯಲ್ಲಿ ಗೊಂಬೆ ಏನೂ ಹೇಳದೆ ಹೋಗಿ ಪೀಠ ಹತ್ತಿದಳು. ಕೋಟಿಗೆ ಇನ್ನೂ ಬಟ್ಟೆ ಕತ್ತರಿಸಿರಲಿಲ್ಲ. ದೊಡ್ಡಕ್ಕ ಬೆರಗಾಗಿ ನೋಡಿ, ಕೊರಳಲ್ಲಿದ್ದ ಟೇಪು ತೆಗೆದು ಬಂದಳು. ಹಿಮ್ಮಡಿ ಜೋಡಿತು, ಭುಜ ಇಳಿಯಿತು, ಹೊಟ್ಟೆ ಒಳಗೆ ಹೋಯಿತು. ಎತ್ತರದ ಕಿಟಕಿಯ ಬೆಳಕು ಅದೇ ಜಾಗಕ್ಕೆ ಬಿದ್ದಿತ್ತು. ಕಣ್ಣು ಮುಚ್ಚಿದರೆ ಇಪ್ಪತ್ತರ ಹರೆಯ. ದೊಡ್ಡಕ್ಕನ ತಣ್ಣನೆಯ ಬೆರಳು ಕತ್ತಿನಿಂದ ಬೆನ್ನಿಗೆ, ಬೆನ್ನಿಂದ ಸೊಂಟಕ್ಕೆ ಇಳಿಯುತ್ತಿತ್ತು. ಈ ಬೆರಳು ತನ್ನನ್ನು ಎಷ್ಟು ಬಲ್ಲದು! ಹೆತ್ತಮ್ಮನೂ ಇಷ್ಟು ಬಲ್ಲವಳಲ್ಲ. ಹೀಗೇ ನಿಂತುಬಿಡಬೇಕು ಎನ್ನಿಸಿತು.

ಟೇಪು ಸೊಂಟ ಸುತ್ತಿ ಮುಂದಕ್ಕೆ ಬರುವಷ್ಟರಲ್ಲಿ ಬೆನ್ನಿನ ಕೆಳಗೆ ಛಳಕ್ಕೆಂದಿತು. ಎದೆಯ ತುದಿಯ ಉಸಿರು ಸಾಲದಾಯಿತು. ಗೊಂಬೆ ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಹೊಟ್ಟೆ ದೊಡ್ಡಕ್ಕನ ಅಂಗೈಗೆ ಬಂದು ಬಿತ್ತು.

ದೊಡ್ಡಕ್ಕ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, "ಅದಕ್ಕೇನೀಗ? ಈ ಹೊಟ್ಟೆಗೇ ಕತ್ತರಿಸ್ತೀನಿ. ಮುಂದೆ ಎರಡು ನೆರಿಗೆ ಬಿಟ್ರೆ ಆಯ್ತು" ಎಂದಳು.

"ಅದು ಒಬ್ಬಳು ಗಿರಾಕಿಗೆ ಹೊಲಿಯೋದು ದೊಡ್ಡಕ್ಕ, ಎಲ್ಲ ಸೈಜೂ ಹುಟ್ಟೋ ಪೀಠಕ್ಕಲ್ಲ. ನೀವೇ ಹೇಳಿದ್ದು."

"ನಾನು ಸಾವಿರ ಹೇಳಿದೀನಿ."

"ಒಂದೂವರೆ ತಿಂಗಳು ತಡೀರಿ. ಡಾಕ್ಟ್ರು ಹೊಟ್ಟೆ ಬಿಗಿ ಮಾಡಿ ಹೊಲೀತಾರಂತೆ, ಆಮೇಲೆ ನಿಲ್ತೀನಿ."

"ಕೀಲಿಕೈ ಅದಕ್ಕೆ ಮುಂಚೇನೇ ಕೊಡಬೇಕು. ಕಣ್ಣು ಅಷ್ಟರ ತನಕ ಇದ್ರೆ ಹೆಚ್ಚು."

ಗೊಂಬೆ ಮೇಜಿನಂಚು ಹಿಡಿದು ಕೆಳಗಿಳಿದಳು. ಲೈಪೋ ಎಂದರೆ ಈ ನೋವು, ಈ ಹಿಡಿದ ಉಸಿರು, ಮತ್ತೆ ಪೀಠದ ಮೇಲೆ ಒಂದೇ ಒಂದು ಮಧ್ಯಾಹ್ನ. ಆ ಮಧ್ಯಾಹ್ನ ಎಷ್ಟು ಚೆನ್ನಾಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅದು ಮುಗಿದ ಮೇಲೆ ಮನೆಗೆ ಹೋಗಿ ಬಟ್ಟೆ ಬದಲಾಯಿಸುತ್ತ ಅದೇ ಹೊಟ್ಟೆ ನೋಡುವ ಹೊತ್ತೂ ಗೊತ್ತಿತ್ತು.

"ನನಗೆ ಉಸಿರು ಬಿಟ್ಕೊಂಡು ನಿಲ್ಬೇಕು ದೊಡ್ಡಕ್ಕ. ಹೊಲಿಸ್ಕೋತೀನಿ. ಸಿಟ್ಟು ಮಾಡ್ಕೋಬೇಡಿ."

"ಮಾತಾಡಿಸ್ಬೇಡ. ಬಾಯಲ್ಲಿ ಸೂಜಿ ಇದೆ" ಎಂದಳು ದೊಡ್ಡಕ್ಕ, ಬೆನ್ನು ತಿರುಗಿಸಿ. ಬಾಯಲ್ಲಿ ಒಂದೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಾಜದ ಮಿಷಿನ್ನಿನ ಹತ್ತಿರ ಬಂದು, ಗೊಂಬೆಯ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. "ಒಳ್ಳೆ ಕೈಯಿರೋ ಡಾಕ್ಟ್ರು ತಾನೇ? ಹೊಲಿಗೆ ಸೊಟ್ಟ ಹಾಕಿದ್ರೆ ಹೇಳು, ನಾನು ಬಂದು ಬಿಚ್ಚಿಸ್ತೀನಿ."

ಆಪರೇಷನ್ ಆಯಿತು. ಗೊಂಬೆ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದಳು. ಎದ್ದಾಗ ಮುದುಕಿಯ ಹಾಗೆ ಬಗ್ಗಿ ನಡೆದಳು. ಮಕ್ಕಳು ಪಾತ್ರೆಯ ಮುಖ ನೋಡಿದರು, ಗಂಡ ಟೀವಿಯ ಸದ್ದು ತಗ್ಗಿಸಿದ. ಬಾಗಿದ ಬೆನ್ನು ದಿನಕ್ಕಿಷ್ಟು ಮೇಲೇಳುತ್ತಿತ್ತು. ಹಿಡಿದಿಡಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ, ಉಸಿರು ಹೊಟ್ಟೆಯ ತನಕ ಇಳಿದು ಹೋಗುತ್ತಿತ್ತು. ಅದೊಂದು ಅವಳಿಗೆ ಹೊಸದು.

ತಿಂಗಳ ಕೊನೆಯಲ್ಲಿ ದೊಡ್ಡಕ್ಕ ತನ್ನ ಕೊನೆಯ ಕೋಟನ್ನು ಸವತಿಯ ಮೇಲೆ ಮುಗಿಸಿ, ಕೀಲಿಕೈ ಕೊಟ್ಟು ಹೊರಟಳು. ಗೊಂಬೆ ಕೊಟ್ಟಿದ್ದ ಮಾತು ನಡೆಯಲಿಲ್ಲ.