ದಮಯಂತಿ ಟೀಚರ ಕಾರಿನ ಬೆಲ್ಟ್

ಪುಂಜಾಲಕಟ್ಟೆಯ ಮೆಕ್ಯಾನಿಕ್ ವಸಂತನಿಗೆ ಹೊಟ್ಟೆಕಿಚ್ಚು ಇತ್ತು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಹೊರಗಿನವನ ಮೇಲಾಗಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಆದರೆ ಅದು ಸ್ವಂತ ಅಕ್ಕನ ಮಗ ರಂಜಿತನ ಮೇಲೆ. ಬೈದರೆ ಮನೆಯಲ್ಲಿ ಯುದ್ಧ, ಬೈಯದಿದ್ದರೆ ಎದೆಯೊಳಗೆ ಉರಿ.

ರಂಜಿತ್ ಏಳು ವರ್ಷ ಮಸ್ಕತ್‌ನ ಯಾವುದೋ ಕಂಪನಿ ವರ್ಕ್‌ಶಾಪಿನಲ್ಲಿ ದುಡಿದು ಬಂದು, ಕಳೆದ ವರ್ಷ ಮಡಂತ್ಯಾರಿನಲ್ಲಿ ಗ್ಯಾರೇಜ್ ತೆರೆದಿದ್ದ. ನೆಲಕ್ಕೆ ಟೈಲ್ಸು, ರೋಗ ಹೇಳುವ ಕಂಪ್ಯೂಟರು, ಕೆಟ್ಟ ಕಾರನ್ನು ಹೊತ್ತು ತರುವ ಟೋಯಿಂಗ್ ಗಾಡಿ. ವಸಂತನಲ್ಲಿ ಇದ್ದದ್ದು ತಗಡಿನ ಮಾಡು ಮತ್ತು ಎರಡು ಕಿವಿ. ಶಬ್ದ ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುವವ ಎಂದು ಇಪ್ಪತ್ತೆರಡು ವರ್ಷದಲ್ಲಿ ಸಂಪಾದಿಸಿದ ಹೆಸರು ಅವನದು. ಈಗ ಗಿರಾಕಿಗಳು ಅವನ ಬೆಂಚಿನಲ್ಲೇ ಕೂತು, "ನಿಮ್ಮ ಅಳಿಯ ಭಾರಿ ಹುಷಾರು ಮಾರಾಯ್ರೆ" ಎನ್ನುತ್ತಿದ್ದರು. ಹೌದೆಂದು ನಕ್ಕು ನಕ್ಕು ವಸಂತನ ದವಡೆ ನೋಯುತ್ತಿತ್ತು.

ಇಷ್ಟಾದರೂ ದಮಯಂತಿ ಟೀಚರ್ ತನ್ನ ಕೈಬಿಡುವವರಲ್ಲ ಎಂಬ ಧೈರ್ಯ ಅವನಿಗಿತ್ತು. ಮಡಂತ್ಯಾರಿನ ಶಾಲೆಯಲ್ಲಿ ಕನ್ನಡ ಕಲಿಸುವವರು. ಅವರ ಬಿಳಿ ಕಾರನ್ನು ಒಂಬತ್ತು ವರ್ಷದಿಂದ ಅವನಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ. ಅದಕ್ಕೇ ಆ ಶನಿವಾರ ಅವರು ಬಂದು ಹೇಳಿದ ಮಾತು ನೆಟ್ಟಗೆ ಕರುಳಿಗೆ ತಾಗಿತು.

"ವಸಂತಣ್ಣ, ನಿನ್ನೆ ಶಾಲೆ ಹತ್ರ ಟೈರ್ ಪಂಕ್ಚರ್ ಆಯ್ತು. ರಂಜಿತ್ ಬಂದು ಹಾಕಿಕೊಟ್ಟ. ಟೈಮಿಂಗ್ ಬೆಲ್ಟ್ ಬದಲಿಸ್ಬೇಕು ಟೀಚರ್, ಅದು ತುಂಡಾದ್ರೆ ಎಂಜಿನ್ನೇ ಹೋಗ್ತದೆ ಅಂದ. ಹೌದಾ?"

"ಕಿಲೋಮೀಟರ್ ಎಷ್ಟಾಯ್ತು?"

"ಮೂವತ್ತೆರಡು ಸಾವಿರ."

ನಮ್ಮ ಕಡೆ ಕಾರಿನ ವಯಸ್ಸನ್ನು ಅಳೆಯುವುದೇ ಕಿಲೋಮೀಟರಿನಲ್ಲಿ. ಶಾಲೆಗೆ, ಪೇಟೆಗೆ, ಮದುವೆಗೆ ಬಿಟ್ಟರೆ ಅದು ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿರುತ್ತದೆ. ಓಡದ ಗಾಡಿ ಹಳತಾಗುವುದಿಲ್ಲ ಎಂದು ಎಲ್ಲರ ಲೆಕ್ಕ. ಸುಮ್ಮನೆ ಕೂತಲ್ಲೇ ರಬ್ಬರು ಮುದಿಯಾಗುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ. ವಸಂತನೂ ಒಂಬತ್ತು ವರ್ಷ ಅದೇ ಲೆಕ್ಕದಲ್ಲಿ ಆ ಬೆಲ್ಟಿನ ಕಡೆ ತಲೆ ಹಾಕಿರಲಿಲ್ಲ. ಈಗ ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದ.

ಬೆಲ್ಟಿನ ಬೆನ್ನಿನ ಮೇಲೆ ಸಣ್ಣ ಸಣ್ಣ ಬಿರುಕು. ಒಂದು ಕಡೆ ಅಂಚು ನೂಲು ಬಿಟ್ಟಿತ್ತು.

ರಂಜಿತ್ ಹೇಳಿದ್ದು ಸರಿ. ಅದೂ ಹೊರಗಿಂದ ನೋಡಿ, ವರ್ಷ ಲೆಕ್ಕ ಹಾಕಿ ಹೇಳಿದ್ದು. ಹೌದು ಎಂಬ ಎರಡಕ್ಷರ ವಸಂತನ ನಾಲಿಗೆಯ ತುದಿಗೆ ಬಂತು, ಅಲ್ಲೇ ಕಚ್ಚಿಕೊಂಡಿತು. ಹೌದು ಅಂದರೆ ಟೀಚರೂ ನಾಳೆ ಯಾರದ್ದೋ ಬೆಂಚಿನಲ್ಲಿ ಕೂತು ಅಳಿಯನನ್ನು ಹೊಗಳುತ್ತಾರೆ. ಅವನು ಮುಚ್ಚಳ ಹಾಕಿ ಬೋಲ್ಟ್ ಬಿಗಿದ.

"ಏನೂ ಆಗ್ಲಿಲ್ಲ ಟೀಚರ್. ಇನ್ನೂ ಅರುವತ್ತು ಸಾವಿರ ಓಡ್ತದೆ. ಹೊಸ ಗ್ಯಾರೇಜ್ ಅಲ್ವಾ, ಅವನಿಗೂ ಕೆಲಸ ಆಗ್ಬೇಕಲ್ಲ."

"ನೀವು ಹೇಳಿದ ಮೇಲೆ ಮುಗೀತು" ಎಂದು ಟೀಚರ್ ಹೊರಟರು. ಆ ಮಾತಿನ ಸಿಹಿ ವಸಂತನ ಬಾಯಲ್ಲಿ ಸಂಜೆಯವರೆಗೂ ಇತ್ತು. ಎರಡು ದಿನ ಬಿಟ್ಟು ಫೋನ್ ಮಾಡಿ, ಯಾವುದಕ್ಕೂ ಬೆಲ್ಟ್ ಬದಲಿಸಿಬಿಡುವಾ ಟೀಚರ್ ಎಂದು ಹೇಳಬೇಕೆಂದುಕೊಂಡ. ಎರಡು ದಿನ ಆರು ವಾರವಾಯಿತು.

ಆರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾರಾವಿಯಿಂದ ಟೀಚರ ಫೋನ್ ಬಂತು.

"ವಸಂತಣ್ಣ, ಏರಿನಲ್ಲಿ ಕಾರು ಒಮ್ಮೆಲೇ ನಿಂತುಹೋಯ್ತು. ನೋಡಿ, ಕೀ ತಿರುಗಿಸ್ತೇನೆ."

ಫೋನಿನಲ್ಲೇ ಕೇಳಿತು. ಹಿಡಿತವೇ ಇಲ್ಲದೆ ಬರಿದೇ ಗಿರಗಿರ ತಿರುಗುವ ಎಂಜಿನ್ನು. ನಡುವೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ಅವನ ಕಿವಿ ಈಗಲೂ ಸುಳ್ಳು ಹೇಳುತ್ತಿರಲಿಲ್ಲ.

"ಬೇಡ ಟೀಚರ್, ಇನ್ನು ತಿರುಗಿಸ್ಬೇಡಿ. ಬರ್ತೇನೆ."

ಕಾರನ್ನು ಹೊತ್ತು ತರಲು ಗಾಡಿ ಬೇಕು. ಭಾನುವಾರ ಕರೆದ ಕೂಡಲೇ ಬರುವಂಥದ್ದು ಇದ್ದದ್ದು ಒಬ್ಬನ ಹತ್ತಿರ. ಹಲ್ಲು ಕಚ್ಚಿ ಅಳಿಯನಿಗೇ ಫೋನ್ ಮಾಡಿ, ವಸಂತ ಬೈಕ್ ಹತ್ತಿದ.

ಅವನು ನಾರಾವಿ ಮುಟ್ಟುವಾಗ ರಂಜಿತ್ ಆಗಲೇ ಮುಚ್ಚಳ ಬಿಚ್ಚಿದ್ದ. ಬೆಲ್ಟ್ ಎರಡು ತುಂಡಾಗಿ ನೇತಾಡುತ್ತಿತ್ತು. ವಾಲ್ವುಗಳಿಗೆ ಪಿಸ್ಟನ್ ಬಡಿದು ಅವು ಬಾಗಿರುವುದು ಖಂಡಿತ. ಎಂಜಿನ್ ಪೂರ್ತಿ ಬಿಚ್ಚಬೇಕು. ಅಳಿಯ ಆ ತುಂಡನ್ನು ಬೆರಳಲ್ಲಿ ಬಗ್ಗಿಸಿ ಬಿರುಕು ನೋಡಿದ, ಮಾವನ ಮುಖ ನೋಡಿದ, ಆಮೇಲೆ ಟೀಚರ ಕಡೆ ತಿರುಗಿದ.

"ಬೆಲ್ಟ್ ಕೆಲವು ಸಲ ಹೀಗೆ ಹೇಳದೆ ಕೇಳದೆ ಹೋಗ್ತದೆ ಟೀಚರ್. ಮಾವ ನೋಡಿದ್ರೂ ಗೊತ್ತಾಗ್ಲಿಕ್ಕಿಲ್ಲ."

ವಸಂತನ ಮೈಯೆಲ್ಲ ಉರಿಯಿತು. ಅಳಿಯ ನಾಲ್ಕು ಮಾತು ಚುಚ್ಚಿ ಆಡಿದ್ದರೆ ತಾನೂ ಎಂಟು ಆಡಬಹುದಿತ್ತು. ಕೆಲಸದಲ್ಲಿ ಗೆದ್ದದ್ದು ಸಾಲದೆಂದು ಈಗ ಒಳ್ಳೆಯತನದಲ್ಲೂ ಗೆಲ್ಲಲು ಹೊರಟಿದ್ದಾನೆ.

"ನನಗೆ ಗೊತ್ತಿತ್ತು" ಎಂದ ವಸಂತ. "ಅವತ್ತೇ ಬಿರುಕು ನೋಡಿದ್ದೇನೆ."

ಟೀಚರ್ ಬೆಲ್ಟಿನ ತುಂಡಿನಿಂದ ಕಣ್ಣೆತ್ತಿದರು.

"ಮತ್ತೆ ಯಾಕೆ ಹೇಳ್ಲಿಲ್ಲ ವಸಂತಣ್ಣ?"

"ಇವ ಹೇಳಿದ್ದ. ಅದಕ್ಕೆ."

ಟೀಚರ್ ಕಾರಿನೊಳಗಿಂದ ಕೊಡೆ, ಚೀಲ ತೆಗೆದುಕೊಂಡರು. "ರಂಜಿತ್, ನಿಮ್ಮಲ್ಲಿಗೇ ಕೊಂಡುಹೋಗಿ" ಎಂದಷ್ಟೇ ಹೇಳಿ ಟೋಯಿಂಗ್ ಗಾಡಿಯ ಮುಂದಿನ ಸೀಟು ಹತ್ತಿದರು.

"ಮಾವ, ನೀವೂ ಬನ್ನಿ, ಮೂರು ಜನಕ್ಕೆ ಜಾಗ ಉಂಟು" ಎಂದ ರಂಜಿತ್. ಟೀಚರ್ ಚೀಲವನ್ನು ಮಡಿಲಿನಿಂದ ಎತ್ತಿ ಖಾಲಿ ಜಾಗದಲ್ಲಿ ಇಟ್ಟರು.

"ಬೈಕ್ ಉಂಟು ನನಗೆ" ಎಂದ ವಸಂತ.

ಗಾಡಿ ಇಳಿಜಾರಿನಲ್ಲಿ ನಿಧಾನವಾಗಿ ಹೊರಟಿತು. ಒಂಬತ್ತು ವರ್ಷ ತಾನು ಸಾಕಿದ ಬಿಳಿ ಕಾರು ಅದರ ಬೆನ್ನ ಮೇಲಿತ್ತು. ರಂಜಿತ್ ಚಕ್ರಗಳಿಗೆ ಬಿಗಿದಿದ್ದ ಪಟ್ಟಿಗಳಲ್ಲಿ ಒಂದಾದರೂ ಸಡಿಲ ಇದೆಯೇ ಎಂದು ವಸಂತನ ಕಣ್ಣು ತಿರುವಿನವರೆಗೂ ಹುಡುಕಿತು. ಒಂದೂ ಇರಲಿಲ್ಲ.